ಬಟ್ಟೆ ವ್ಯಾಪಾರಿ ಕಂಡ ರಕ್ತಕಣ

ಸೊರಬದಿಂದ ಶಿಕಾರಿಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತ ಲ್ಯಾಬ್ ಟೆಕ್ನಿಷಿಯನ್ ತರಬೇತಿ ಮುಗಿಸುತ್ತಿದ್ದ ದಿನಗಳವು. ಪಿಯುಸಿಯಲ್ಲಿ ಅಂಕ ಕಡಿಮೆ ಬಂದು ಡಾಕ್ಟರಾಗುವ ಆಸೆ ಅಲ್ಲಿಗೇ ನಿಂತಿತ್ತು. ಬರೀ ಡಿಪ್ಲೊಮಾ ಓದಿದವಳು ಎಂಬ ಕೀಳರಿಮೆ ಮಾತ್ರ ಬಿಟ್ಟಿರಲಿಲ್ಲ. ಆ ಮಳೆಗಾಲದ ಒಂದು ಸಂಜೆ ಶಿರಾಳಕೊಪ್ಪದ ಹತ್ತಿರ ಅಣ್ಣನ ಬೈಕ್ ಜಾರಿತು. ತೊಡೆಯ ಮೂಳೆ ಮುರಿದು ಬಹಳ ರಕ್ತ ಹೋಗಿತ್ತು. ನಾನು ತರಬೇತಿಗೆ ಹೋಗುತ್ತಿದ್ದ ಆಸ್ಪತ್ರೆಗೇ ಅವನನ್ನು ಕರೆತಂದರು. ಮರುದಿನ ಅವನ ರಕ್ತದ ಸ್ಲೈಡ್ ನನ್ನ ಮೇಜಿಗೇ ಬಂತು.

ಆರೋಗ್ಯವಂತರ ಕೆಂಪು ರಕ್ತಕಣ ನಡುವೆ ತಗ್ಗಿರುವ ದುಂಡು ತಟ್ಟೆಯಂತಿರುತ್ತದೆ, ಅಂಚು ನುಣುಪು. ಅಣ್ಣನ ಹಲವು ಕಣಗಳ ಮೇಲೆ ಹಲಸಿನಕಾಯಿಯ ಹಾಗೆ ಮುಳ್ಳು ಎದ್ದಿತ್ತು. ರಕ್ತವನ್ನು ಬಹಳ ಹೊತ್ತು ಇಟ್ಟರೂ, ಸ್ಲೈಡ್ ಸರಿಯಾಗಿ ಒಣಗದಿದ್ದರೂ ಹೀಗಾಗುವುದುಂಟು. ಹಾಗಾಗಿ ಹೊಸದಾಗಿ ರಕ್ತ ತೆಗೆದು ಮತ್ತೆ ನೋಡಿದೆ. ಅದೇ ಮುಳ್ಳು. ಕೈ ನಡುಗಿತು.

ನಮ್ಮ ಲ್ಯಾಬಿನ ಡಾಕ್ಟರು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ದೊಡ್ಡ ಪೆಟ್ಟಾಗಿ ರಕ್ತ ಹರಿದುಹೋದಾಗ ಕೆಲವರಲ್ಲಿ ಕೆಂಪು ಕಣಗಳ ಆಕಾರ ಕೆಡುತ್ತದೆ, ಅವು ಬಾಗದೆ ಸೆಟೆದುಕೊಳ್ಳುತ್ತವೆ. ಕಣದ ಅಗಲ 7ರಿಂದ 8 ಮೈಕ್ರಾನ್. ಅತಿ ಸಣ್ಣ ಲೋಮನಾಳಗಳು ಅದಕ್ಕಿಂತಲೂ ಕಿರಿದು. ಬಾಗಲಾರದ ಕಣ ಅಲ್ಲಿ ಸುಲಭವಾಗಿ ತೂರದು, ಅಂಗಗಳಿಗೆ ಆಮ್ಲಜನಕ ತಲುಪುವುದು ಕಷ್ಟವಾಗುತ್ತದೆ. ಇದರ ಸುಳಿವನ್ನು ಸುಮಾರು 350 ವರ್ಷಗಳ ಹಿಂದೆಯೇ ಕಂಡವನು ಒಬ್ಬ ಬಟ್ಟೆ ವ್ಯಾಪಾರಿ ಎಂದೂ ಹೇಳಿದರು. ಆ ರಾತ್ರಿ ಅಣ್ಣನ ಮಂಚದ ಪಕ್ಕ ಕೂತು ಆ ವ್ಯಾಪಾರಿಯ ಬದುಕನ್ನು ಓದಿದೆ.

ಅವನೇ ಆಂಟನಿ ವಾನ್ ಲೀವೆನ್‌ಹುಕ್. ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ಅಪ್ಪ ಬುಟ್ಟಿ ಹೆಣೆಯುವವರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. 16ನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದು ಮದುವೆಯಾದ. ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮರಿಯಾ ಎಂಬ ಮಗಳು ಮಾತ್ರ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ.

ಬಟ್ಟೆಯ ನೂಲೆಣಿಸಲು ಆಗಿನ ವ್ಯಾಪಾರಿಗಳು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಇವನು ಅಷ್ಟಕ್ಕೇ ನಿಲ್ಲದೆ ತಾನೇ ಸಣ್ಣ ಮಸೂರಗಳನ್ನು ಮಾಡಿ ನೂರಾರು ಸೂಕ್ಷ್ಮದರ್ಶಕಗಳನ್ನು ಕಟ್ಟಿದ. ಅಂಗೈಯಲ್ಲಿ ಹಿಡಿಯುವಂಥವು, ಒಂದೊಂದಕ್ಕೆ ಒಂದೇ ಮಸೂರ. ಉಳಿದಿರುವವುಗಳಲ್ಲಿ ಒಳ್ಳೆಯದೊಂದು ವಸ್ತುವನ್ನು 260 ಪಟ್ಟಿಗಿಂತಲೂ ಹೆಚ್ಚು ದೊಡ್ಡದಾಗಿ ತೋರಿಸುತ್ತದೆ. 1673ರಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಡಚ್ ಭಾಷೆಯಲ್ಲೇ ಪತ್ರ ಬರೆಯತೊಡಗಿದ. 1674ರಲ್ಲಿ ರಕ್ತದ ಕೆಂಪು ಕಣಗಳ ಬಗ್ಗೆ ಬರೆದ. 1676ರಲ್ಲಿ ನೀರಿನ ಸೂಕ್ಷ್ಮಜೀವಿಗಳ ವಿಷಯ ತಿಳಿಸಿದಾಗ ಅನೇಕರು ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ಅದನ್ನು ತಾನೂ ಕಂಡು ದೃಢಪಡಿಸಿದ. 1680ರಲ್ಲಿ ಸೊಸೈಟಿ ಇವನನ್ನು ಸದಸ್ಯನನ್ನಾಗಿ ಆರಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಸಂಗತಿ. ಒಮ್ಮೆ ತಾನೇ ಕಾಯಿಲೆ ಬಿದ್ದಾಗ ಅವನು ತನ್ನ ರಕ್ತವನ್ನೇ ನೋಡಿದ. ಕಣಗಳು ಗಟ್ಟಿಯಾಗಿ, ಬಿಗಿದಂತೆ ಕಂಡವು. ಚೇತರಿಸಿಕೊಳ್ಳುತ್ತ ಬಂದಂತೆ ಮೆದುವಾದವು. ಕಿರಿದಾದ ನಾಳದಲ್ಲಿ ಉದ್ದವಾಗಿ ಬಾಗಿ, ಅಗಲ ಸಿಕ್ಕಲ್ಲಿ ಮತ್ತೆ ದುಂಡಾಗಲು ಕಣಗಳು ಮೆದುವಾಗಿರಲೇಬೇಕು ಎಂದು ಊಹಿಸಿದ. ಗಾಯಾಳುಗಳ ರಕ್ತದಲ್ಲಿ ಇಂದಿನ ಸಂಶೋಧಕರು ಅಳೆಯುತ್ತಿರುವುದು ಇದೇ ಬಾಗುವ ಗುಣವನ್ನು.

1723ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡ. ಎದೆಯ ಕೆಳಗಿನ ವಪೆ ತನ್ನಷ್ಟಕ್ಕೆ ಅದುರುವ ಕಾಯಿಲೆ ಕೊನೆಗೆ ಕಾಡಿತ್ತು. ಅದನ್ನೂ ಗಮನಿಸಿ ಪತ್ರದಲ್ಲಿ ಬರೆದ. ಆ ಕಾಯಿಲೆಗೆ ಅವನ ಹೆಸರೇ ಇದೆ.

ಅಣ್ಣನಿಗೆ ರಕ್ತ ಕೊಟ್ಟರು, ಆಪರೇಷನ್ ಆಯಿತು. ತಿಂಗಳು ಕಳೆದ ಮೇಲೆ ಅವನ ಸ್ಲೈಡನ್ನು ನಾನೇ ಮಾಡಿ ನೋಡಿದೆ. ಮುಳ್ಳು ಮಾಯವಾಗಿತ್ತು, ಕಣಗಳು ದುಂಡಗಿದ್ದವು. ಅಮ್ಮನನ್ನು ಕರೆದು ಅವಳಿಗೂ ತೋರಿಸಿದೆ. ಏನು ಕಂಡಿತೋ, ಕಣ್ಣೊರೆಸಿಕೊಂಡು ಸುಮ್ಮನೆ ನಕ್ಕಳು.

ಈಗ ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಾನು ತಡವರಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುವ ಕೆಲಸ ಎನ್ನುತ್ತೇನೆ. ಅನುಮಾನ ಬಂದರೆ ಇನ್ನೊಂದು ಸ್ಲೈಡ್ ಮಾಡಿ ನೋಡುತ್ತೇನೆ.