ಏಡನ್ ಪೇಟೆಗೆ ಕರಾವಳಿಯ ಮೆಣಸು: ಪರದೇಶಿ ವರ್ತಕ ಬೆನ್ ಯಿಜುವಿನ ಕಥೆ

ಉದ್ಯಾವರ: ಉಡುಪಿ, ಕಾಪು ಸೀಮೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ದುಡಿಯುವವರ ಸಂಖ್ಯೆ ಸಣ್ಣದಲ್ಲ. ಸುಮಾರು 900 ವರ್ಷಗಳ ಹಿಂದೆ ಅರಬ್ಬೀ ಕಡಲನ್ನು ಎದುರು ದಿಕ್ಕಿನಲ್ಲಿ ದಾಟಿ, ಇಲ್ಲಿನ ಬೆಳೆಯನ್ನು ಅಲ್ಲಿಗೆ ಮಾರಿದ ವರ್ತಕನೊಬ್ಬನಿದ್ದ. ಅವನೇ ಅಬ್ರಹಾಂ ಬೆನ್ ಯಿಜು.

ಇಂದಿನ ಟ್ಯುನೀಶಿಯದ ಮಹದಿಯಾ ಪಟ್ಟಣದ ಈ ಯಹೂದಿ, ಏಡನ್ನಿನ ಹಿರಿಯ ವರ್ತಕ ಮದ್ಮೂನನ ಆಶ್ರಯ ಪಡೆದು ಮಂಗಳೂರಿಗೆ ಬಂದ. ಹಿಂದೆ ಉದ್ಯಾವರದಿಂದ ಆಳಿದ ಆಳುಪರದೇ ಆಗಲೂ ತುಳುನಾಡಿನಲ್ಲಿ ಪ್ರಭುತ್ವ. 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಆತ ಇಲ್ಲಿ ಬಿಡುಗಡೆಗೊಳಿಸಿದ. ಆಕೆಯೇ ಅವನ ಮಡದಿಯಾದಳೆಂಬುದು ವಿದ್ವಾಂಸರ ಅಭಿಪ್ರಾಯ.

ಕರಿಮೆಣಸು, ಶುಂಠಿ, ಏಲಕ್ಕಿ, ಅಡಿಕೆ ಹಾಗೂ ಕಬ್ಬಿಣ ಇಲ್ಲಿಂದ ಏಡನ್ನಿಗೆ ಸಾಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದವು. ಆತನ ಕಾರ್ಖಾನೆಯಲ್ಲಿ ಕಂಚಿನ ಪಾತ್ರೆಗಳೂ ತಯಾರಾಗುತ್ತಿದ್ದವು. ಬೊಮ್ಮನೆಂದು ಗುರುತಿಸಲಾದ ದಾಸನೇ ಏಡನ್ನಿನಲ್ಲಿ ಅವನ ವ್ಯವಹಾರ ನೋಡಿಕೊಂಡ. ಮುಂದೆ ಅಲ್ಲಿನ ವರ್ತಕರು ಪತ್ರಗಳಲ್ಲಿ ಆ ದಾಸನನ್ನು ಗೌರವದಿಂದಲೇ ನೆನೆದರು.

ವ್ಯಾಪಾರವೆಲ್ಲ ನಂಬಿಕೆಯ ಮೇಲೆ ನಿಂತಿತ್ತು. ಒಮ್ಮೆ ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯನೊಬ್ಬ ಸರಕನ್ನೇ ಒಪ್ಪಿಸಲಿಲ್ಲ. ಏಡನ್ನಿನ ಪಾಲುದಾರರು ಬೆನ್ ಯಿಜುವನ್ನೇ ಬಾಧ್ಯನನ್ನಾಗಿಸಿ ಪತ್ರದ ಮೇಲೆ ಪತ್ರ ಬರೆದರು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ವಶಪಡಿಸಿಕೊಂಡರು. 1149ರಲ್ಲಿ ಮಕ್ಕಳೊಂದಿಗೆ ಏಡನ್ನಿಗೆ ಮರಳಿದ ಬೆನ್ ಯಿಜು, ಚದುರಿದ ಸೋದರರನ್ನು ಹುಡುಕಿ, ತನ್ನ ಸಂಪತ್ತಿನಲ್ಲಿ ಪಾಲು ಕೊಡುವುದಾಗಿ ಬರೆದ. ಆ ಪತ್ರದಲ್ಲಿ ಆಶುವಿನ ಹೆಸರಿಲ್ಲ. ಬಂದ ಒಬ್ಬ ಸೋದರ ಹಣಕ್ಕೇ ವಂಚಿಸಿದ. ಗಂಡುಮಕ್ಕಳು ಬದುಕಲಿಲ್ಲ. ಉಳಿದ ಏಕೈಕ ಮಗಳ ವಿವಾಹ 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ, ಇನ್ನೊಬ್ಬ ಸೋದರನ ಮಗನೊಂದಿಗೆ ನೆರವೇರಿತು.

ಈ ಬದುಕು ಬೆಳಕಿಗೆ ಬಂದದ್ದು ಅಲ್ಲಿನ ಯಹೂದಿ ಮಂದಿರದ ಕಾಗದದ ರಾಶಿಯಿಂದ. ಆ ರಾಶಿಯ ದೊಡ್ಡ ಭಾಗ 19ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್ ಸೇರಿತು. ಗೊಯ್ಟೈನ್ ಎಂಬ ವಿದ್ವಾಂಸರು ಪತ್ರಗಳನ್ನು ಓದಿ ಜೋಡಿಸಿದರು. ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ಬೊಮ್ಮನ ಬೇರು ಅರಸಿ ಮಂಗಳೂರಿಗೂ ಬಂದರು. ಕರಾವಳಿಯ ಅಡಿಕೆ, ಮೆಣಸಿನ ವಹಿವಾಟಿಗೆ ಕಡಲಾಚೆ ಉಳಿದ ಲಿಖಿತ ಸಾಕ್ಷ್ಯವಿದು.