ಜಗನ್ನಾಥ ಶಂಕರಶೇಟ್: ರೈಲುಮಾರ್ಗಕ್ಕೂ ದೇಶಭಾಷೆಗೂ ದುಡಿದ ಹಿರಿಯರು

ಸೊಲ್ಲಾಪುರದಿಂದ ಅಕ್ಕಲಕೋಟೆ ರೋಡ್, ದುಧನಿ, ಕಲಬುರಗಿ, ವಾಡಿ, ಯಾದಗಿರಿಗಳನ್ನು ಹಾದು ರಾಯಚೂರನ್ನು ಸೇರುವ ರೈಲುಮಾರ್ಗ ಗಡಿನಾಡಿನ ಕನ್ನಡಿಗರಿಗೆ ನಿತ್ಯಪರಿಚಿತವಾದುದು. ಓದಿಗೆ, ಉದ್ಯೋಗಕ್ಕೆ, ಸಂತೆಗೆ, ಯಾತ್ರೆಗೆ, ನೆಂಟಸ್ತಿಕೆಗೆ ಈ ಮಾರ್ಗವೇ ಆಧಾರ. ಮುಂಬಯಿಯಿಂದ ಹೊರಟ ಈ ಹಳಿಗಳ ಮೂಲವನ್ನು ಹುಡುಕಿದರೆ ದೊರೆಯುವ ಹೆಸರುಗಳಲ್ಲಿ ಹೆಚ್ಚಿನವು ಆಂಗ್ಲರವು. ಅವುಗಳ ನಡುವೆ ಒಬ್ಬ ಭಾರತೀಯರ ಹೆಸರು ಎದ್ದು ಕಾಣುತ್ತದೆ. ಅವರೇ ಮುಂಬಯಿಯ ಜನರು ಗೌರವದಿಂದ ‘ನಾನಾ’ ಎಂದು ಕರೆಯುತ್ತಿದ್ದ ಜಗನ್ನಾಥ ಶಂಕರಶೇಟ್.

ಜಗನ್ನಾಥರು 1803ರ ಫೆಬ್ರವರಿ 10ರಂದು ಜನಿಸಿದರು. ಅವರದು ಠಾಣೆ ಪ್ರಾಂತದ ಮುರ್ಬಾಡ್ ಮೂಲದ ದೈವಜ್ಞ ಮನೆತನ. ತಂದೆ ಶಂಕರಶೇಟರು ಮುಂಬಯಿಯ ಹೆಸರಾಂತ ವ್ಯಾಪಾರಿಗಳು. ಬಾಲ್ಯದಲ್ಲಿ ಮನೆಗೇ ಬರುತ್ತಿದ್ದ ಶಿಕ್ಷಕರಿಂದ ಜಗನ್ನಾಥರು ದೇಶಭಾಷೆಯನ್ನೂ ಇಂಗ್ಲಿಷನ್ನೂ ಕಲಿತರು. 1822ರಲ್ಲಿ ತಂದೆ ತೀರಿಕೊಂಡಾಗ, ಇನ್ನೂ ಇಪ್ಪತ್ತು ತುಂಬದ ತರುಣನ ಹೆಗಲ ಮೇಲೆ ವ್ಯಾಪಾರದ ಹೊರೆಯೆಲ್ಲ ಬಿದ್ದಿತು. ಅದನ್ನು ಅವರು ಸಮರ್ಥವಾಗಿ ನಿರ್ವಹಿಸಿದರು. ದೂರದೇಶಗಳಿಂದ ಬರುತ್ತಿದ್ದ ಅರಬ್ ಮತ್ತು ಆಫ್ಘನ್ ವರ್ತಕರು ತಮ್ಮ ಹಣವನ್ನು ಬ್ಯಾಂಕುಗಳಿಗಿಂತ ಇವರ ಬಳಿ ಇರಿಸುವುದನ್ನೇ ಹೆಚ್ಚು ನೆಚ್ಚುತ್ತಿದ್ದರೆಂದು ಪ್ರತೀತಿಯಿದೆ. ಮುಂದೆ ಅವರು ಕೈಗೊಂಡ ಸಾರ್ವಜನಿಕ ಕಾರ್ಯಗಳಿಗೆ ಈ ನಂಬಿಕೆಯೇ ಬಂಡವಾಳವಾಯಿತು.

ಆ ಕಾಲದ ಸಂಚಾರ ವ್ಯವಸ್ಥೆಯನ್ನು ನೆನೆದರೆ ಅವರ ಕಾರ್ಯದ ಬೆಲೆ ತಿಳಿಯುತ್ತದೆ. ಮುಂಬಯಿ ಮತ್ತು ದಖನ್ನಿನ ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿತ್ತು. ಭೋರ್ ಘಾಟಿನಲ್ಲಿ ಗಾಡಿಗಳು ಏರಿಳಿಯಬಲ್ಲ ರಸ್ತೆಯಾದುದೇ 1830ರಲ್ಲಿ. ಒಳನಾಡಿನ ಹತ್ತಿ ಎತ್ತುಗಳ ಬೆನ್ನ ಮೇಲೆ ವಾರಗಟ್ಟಲೆ ಸಾಗಿ ಬಂದರನ್ನು ತಲುಪುತ್ತಿತ್ತು. ಮಳೆ ಹಿಡಿದರೆ ದಾರಿಯೇ ನಿಲ್ಲುತ್ತಿತ್ತು. ಒಂದು ಪ್ರಾಂತದಲ್ಲಿ ಬರ ಬಿದ್ದು ಇನ್ನೊಂದರಲ್ಲಿ ಧಾನ್ಯ ತುಂಬಿದ್ದರೂ, ಅದನ್ನು ಹಸಿದವರ ಬಳಿಗೆ ಒಯ್ಯುವ ಸಾಧನವಿರಲಿಲ್ಲ. ಸಾಮಾನ್ಯನಿಗೆ ಪ್ರಯಾಣವೆಂದರೆ ಕಾಲ್ನಡಿಗೆ. ಅನುಕೂಲಸ್ಥನಿಗೆ ಗಾಡಿ ಇಲ್ಲವೆ ಪಲ್ಲಕ್ಕಿ.

ಇಂಗ್ಲೆಂಡಿನಲ್ಲಿ 1830ರಿಂದ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಉಗಿಬಂಡಿ ಓಡುತ್ತಿದ್ದ ಸುದ್ದಿ ಮುಂಬಯಿಯ ವರ್ತಕರಲ್ಲಿ ಕುತೂಹಲ ಮೂಡಿಸಿತ್ತು. 1845ರಲ್ಲಿ ಸರ್ ಜಮ್ಶೇಟ್‌ಜೀ ಜೀಜೀಭಾಯ್ ಅವರೊಡಗೂಡಿ ಜಗನ್ನಾಥರು ಇಂಡಿಯನ್ ರೈಲ್ವೆ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಈ ಪ್ರಯತ್ನ ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯಲ್ಲಿ ಸೇರಿಕೊಂಡಿತು. ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯ ಮೂಲಕ 1849ರಲ್ಲಿ ಈ ಕಂಪನಿ ಅಧಿಕೃತವಾಗಿ ಸ್ಥಾಪನೆಗೊಂಡಿತು. ಅದರ ಹತ್ತು ಮಂದಿ ನಿರ್ದೇಶಕರಲ್ಲಿ ಭಾರತೀಯರು ಇಬ್ಬರೇ: ಜಮ್ಶೇಟ್‌ಜೀ ಮತ್ತು ಜಗನ್ನಾಥರು. ಕಂಪನಿಯ ಮೊದಲ ಕಚೇರಿಗೆ ಜಗನ್ನಾಥರು ತಮ್ಮ ಮನೆಯಲ್ಲಿಯೇ ಸ್ಥಳ ಕೊಟ್ಟರೆಂದು ಹೇಳುವುದುಂಟು.

ಆಗ ಈ ಯೋಜನೆಯನ್ನು ಸಂಶಯದಿಂದ ಕಂಡವರು ಕಡಿಮೆಯಿರಲಿಲ್ಲ. ಭಾರತೀಯರು ಬಡವರು, ಜಾತಿಕಟ್ಟಿಗೆ ಒಳಗಾದವರು; ಅಪರಿಚಿತರ ಮಗ್ಗುಲಲ್ಲಿ ಕುಳಿತು ಪ್ರಯಾಣಿಸಲು ಅವರು ಒಪ್ಪಲಾರರು; ಆದ್ದರಿಂದ ರೈಲು ಸರಕಿಗೆ ಒದಗೀತೇ ಹೊರತು ಜನರಿಗಲ್ಲ ಎಂಬುದು ಅನೇಕ ಆಂಗ್ಲರ ಎಣಿಕೆಯಾಗಿತ್ತು. ರೈಲು ಬಂದ ಮೇಲೆ ಈ ಎಣಿಕೆ ಸಂಪೂರ್ಣ ತಲೆಕೆಳಗಾಯಿತು. ಪ್ರಯಾಣಿಕರಲ್ಲಿ ಬಹುಪಾಲು ಜನರು ಅತ್ಯಂತ ಕೆಳದರ್ಜೆಯ ಡಬ್ಬಿಗಳಲ್ಲಿ ಕುಳಿತವರೇ ಆಗಿದ್ದರು. ಶ್ರೀಮಂತನ ಪಲ್ಲಕ್ಕಿಯ ಸ್ಥಾನದಲ್ಲಿ ಎಲ್ಲರ ಬಂಡಿ ಬಂದು ನಿಂತಿತು.

1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಹೊರಟಿತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು ಹದಿನಾಲ್ಕು ಡಬ್ಬಿಗಳನ್ನು ಎಳೆದವು. ಸುಮಾರು 400 ಅತಿಥಿಗಳು ಅದರಲ್ಲಿದ್ದರು. 21 ತೋಪುಗಳ ಗೌರವದೊಂದಿಗೆ ಹೊರಟ ಬಂಡಿ 34 ಕಿಲೋಮೀಟರ್ ದೂರವನ್ನು ಕ್ರಮಿಸಿತು. ಐವತ್ತು ವರ್ಷ ವಯಸ್ಸಿನ ಜಗನ್ನಾಥರೂ ಆ ಪ್ರಯಾಣಿಕರಲ್ಲಿ ಒಬ್ಬರಾಗಿದ್ದರು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು.

ಮುಂದಿನ ಹಾದಿ ಸುಲಭವಾಗಿರಲಿಲ್ಲ. ಭೋರ್ ಘಾಟಿನ ಕೆಲಸ 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. ಇಪ್ಪತ್ತೈದು ಸುರಂಗಗಳನ್ನು ಕೊರೆದು, ಕಮರಿಗಳ ಮೇಲೆ ಸೇತುವೆ ಕಟ್ಟಿ ಈ ಮಾರ್ಗವನ್ನು ಏರಿಸಬೇಕಾಯಿತು. ಕಾಲರಾ, ಜ್ವರ ಮತ್ತು ಅಪಘಾತಗಳಿಗೆ ಸಾವಿರಾರು ಕೂಲಿಕಾರರು ಬಲಿಯಾದರು. 1859ರಲ್ಲಿ ಗುತ್ತಿಗೆ ಹಿಡಿದು ಬಂದ ಸಾಲೊಮನ್ ಟ್ರೆಡ್ವೆಲ್ ಕೆಲವೇ ದಿನಗಳಲ್ಲಿ ಮರಣ ಹೊಂದಿದಾಗ, ಅವನ ಪತ್ನಿ ಆಲಿಸ್ ಟ್ರೆಡ್ವೆಲ್ ಆ ಗುತ್ತಿಗೆಯನ್ನು ಮುಂದುವರಿಸಿದಳು. ಕಂಪನಿಯ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯನ್ನು ಸರ್ಕಾರ ಖಚಿತಪಡಿಸಿದ್ದುದರಿಂದ, ಲಾಭ ಕಡಿಮೆಯಾದಾಗ ಆ ಹೊರೆಯನ್ನು ಹೊತ್ತವರು ಭಾರತದ ತೆರಿಗೆದಾರರು. ಹತ್ತಿಯನ್ನು ಲಂಕಾಶೈರಿಗೆ ಬೇಗ ಸಾಗಿಸಬೇಕೆಂಬ ವ್ಯಾಪಾರದ ಆಸೆಯೂ, ಸೈನ್ಯವನ್ನು ಬೇಕಾದೆಡೆಗೆ ಕಳುಹಿಸಬೇಕೆಂಬ ಆಡಳಿತದ ಉದ್ದೇಶವೂ ಈ ಕಾರ್ಯದ ಹಿಂದೆ ಇದ್ದವು. ಜಗನ್ನಾಥರನ್ನು ಗೌರವಿಸುವಾಗ ಇವನ್ನು ಮರೆಯಲಾಗದು. ಆಳುವವರು ತಮ್ಮ ಹಿತಕ್ಕಾಗಿ ತರುತ್ತಿದ್ದ ಸಾಧನವೊಂದು ನಾಡಿನ ಜನರಿಗೂ ದಕ್ಕುವಂತಾಗಬೇಕಾದರೆ, ಅದು ರೂಪುಗೊಳ್ಳುವ ಸಭೆಯಲ್ಲಿ ನಾಡಿನವರೂ ಕುಳಿತಿರಬೇಕಾಗಿತ್ತು. ಆ ಸ್ಥಾನವನ್ನು ತುಂಬಿದವರು ಜಗನ್ನಾಥರು.

ಘಾಟಿನ ಮೇಲಿನ ಭಾಗದಲ್ಲಿ ಕೆಲಸ ಬೇರೆಯಾಗಿಯೇ ಸಾಗಿ, 1860ರಲ್ಲಿ ರೈಲು ಸೊಲ್ಲಾಪುರವನ್ನು ತಲುಪಿತು. ಜಗನ್ನಾಥರು ಕಣ್ಣಾರೆ ಕಾಣದ ಮುಂದಿನ ಭಾಗ 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸಿನ ಹಳಿಯೊಡನೆ ಕೂಡಿತು. ಪಶ್ಚಿಮ ಕರಾವಳಿಗೂ ಪೂರ್ವ ಕರಾವಳಿಗೂ ಸಂಬಂಧ ಬೆಸೆದದ್ದು ಕನ್ನಡದ ನೆಲದಲ್ಲಿ.

ಇದೇ ವರ್ಷಗಳಲ್ಲಿ ಜಗನ್ನಾಥರು ಇನ್ನೊಂದು ಹೋರಾಟವನ್ನೂ ನಡೆಸಿದರು. ಭಾಷೆಯ ವಿದ್ಯಾರ್ಥಿಗಳು ಅದನ್ನು ವಿಶೇಷವಾಗಿ ಗಮನಿಸಬೇಕು. 1840ರಲ್ಲಿ ಮುಂಬಯಿ ಪ್ರಾಂತಕ್ಕೆ ಒಂದು ಶಿಕ್ಷಣ ಮಂಡಲಿ ಏರ್ಪಟ್ಟಿತು. ಜಗನ್ನಾಥರು ಅದರ ಸದಸ್ಯರಾಗಿದ್ದರು. ಮಂಡಲಿಯ ಅಧ್ಯಕ್ಷರಾದ ಸರ್ ಅರ್ಸ್ಕಿನ್ ಪೆರಿ ಇಂಗ್ಲಿಷ್ ಶಿಕ್ಷಣದ ಪಕ್ಷಪಾತಿಗಳು. ಇರುವ ಅಲ್ಪ ಹಣವನ್ನು ಮೇಲ್ವರ್ಗದ ಕೆಲವರಿಗೆ ಇಂಗ್ಲಿಷಿನಲ್ಲಿ ಉನ್ನತ ವಿದ್ಯೆ ನೀಡಲು ಬಳಸಬೇಕು, ಅವರಿಂದ ಜ್ಞಾನ ಕೆಳಗೆ ಇಳಿಯುತ್ತದೆ ಎಂಬುದು ಅವರ ನಿಲುವು. ಕರ್ನಲ್ ಜರ್ವಿಸ್ ಮತ್ತು ಜಗನ್ನಾಥರು ಇದನ್ನು ಬಲವಾಗಿ ವಿರೋಧಿಸಿದರು. ಬಹುಜನರಿಗೆ ಜ್ಞಾನ ತಲುಪಬೇಕಾದರೆ ಅವರವರ ಭಾಷೆಯೇ ಮಾರ್ಗವೆಂಬುದು ಜಗನ್ನಾಥರ ವಾದ. ಸ್ವತಃ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಈ ಮಾತನ್ನು ಆಡಿದುದರಿಂದ ಅದಕ್ಕೆ ತೂಕವಿತ್ತು. ಇಂಗ್ಲಿಷ್ ಬೇಡವೆಂದು ಅವರು ಹೇಳಲಿಲ್ಲ; ಅದೊಂದೇ ಬಾಗಿಲಾಗಬಾರದೆಂದು ಹೇಳಿದರು.

ಈ ವಿವಾದ ಮರಾಠಿ ಮತ್ತು ಗುಜರಾತಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಧಾರವಾಡ ಮತ್ತು ಬೆಳಗಾವಿಯ ಕನ್ನಡ ಪ್ರದೇಶಗಳೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ದೇಶಭಾಷಾ ಶಾಲೆಗಳ ಅಳಿವು ಉಳಿವಿನ ಪ್ರಶ್ನೆ ಕನ್ನಡ ಶಾಲೆಗಳ ಪ್ರಶ್ನೆಯೂ ಆಗಿತ್ತು. ಕೊನೆಗೆ 1854ರ ವುಡ್ ಅವರ ಶಿಕ್ಷಣ ವರದಿ ಉನ್ನತ ಶಿಕ್ಷಣಕ್ಕೆ ಇಂಗ್ಲಿಷನ್ನೂ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆಗಳನ್ನೂ ಸೂಚಿಸಿತು. ಜಗನ್ನಾಥರು ಹಿಡಿದ ಪಕ್ಷಕ್ಕೆ ಪೂರ್ಣ ಜಯ ದೊರೆಯದಿದ್ದರೂ ಅದು ಸೋಲಲಿಲ್ಲ.

ಹೆಣ್ಣುಮಕ್ಕಳ ವಿದ್ಯೆಗೆ ಸಮಾಜದ ವಿರೋಧ ತೀವ್ರವಾಗಿದ್ದ ಕಾಲ ಅದು. 1849ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ತರುಣರ ಸಂಘ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದಾಗ, ಜಗನ್ನಾಥರು ಗಿರಗಾಂವಿನ ತಮ್ಮ ವಾಡೆಯಲ್ಲೇ ಮರಾಠಿ ಶಾಲೆಗೆ ಜಾಗ ಬಿಟ್ಟುಕೊಟ್ಟರು. 1852ರಲ್ಲಿ ಸ್ಥಾಪನೆಗೊಂಡ ಬಾಂಬೆ ಅಸೋಸಿಯೇಷನ್ ಎಂಬ ರಾಜಕೀಯ ಸಂಸ್ಥೆಯ ಹಿರಿತನವನ್ನು ವಹಿಸಿ, ಭಾರತೀಯರ ಅಹವಾಲುಗಳನ್ನು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಒಯ್ಯುವ ಕಾರ್ಯದಲ್ಲಿ ಪಾಲುಗೊಂಡರು. 1857ರ ದಂಗೆಯ ಕಾಲದಲ್ಲಿ ಸರ್ಕಾರದ ಸಂಶಯದ ಕಣ್ಣು ಅವರ ಮೇಲೂ ಬಿದ್ದಿತು. ಸಾಕ್ಷ್ಯವಿಲ್ಲದೆ ಆ ಆರೋಪ ಬಿದ್ದುಹೋಯಿತು. 1862ರಲ್ಲಿ ಅವರು ಮುಂಬಯಿ ಶಾಸನಸಭೆಯ ಸದಸ್ಯರಾದರು. ಅವರನ್ನು ಶಂಕಿಸಿದ ಆಡಳಿತವೇ ಅವರ ಸಲಹೆಯನ್ನು ಬಯಸುವಂತಾಯಿತು.

ಜಗನ್ನಾಥರು 1865ರ ಜುಲೈ 31ರಂದು ನಿಧನರಾದರು. ಬೋರಿ ಬಂದರಿನಲ್ಲಿ ಮುಂದೆ ಎದ್ದ ಭವ್ಯವಾದ ನಿಲ್ದಾಣಕ್ಕೆ ವಿಕ್ಟೋರಿಯಾ ರಾಣಿಯ ಹೆಸರನ್ನು ಇಡಲಾಯಿತು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯಲ್ಲಿ ಜಗನ್ನಾಥರ ಅಮೃತಶಿಲೆಯ ಪ್ರತಿಮೆಯಿದೆ. ಗ್ರಾಂಟ್ ರೋಡ್ ಬಳಿಯ ನಾನಾ ಚೌಕ ಅವರ ಹೆಸರನ್ನು ಹೊತ್ತಿದೆ. ಇವೆಲ್ಲಕ್ಕಿಂತ ಅವರಿಗೆ ಒಪ್ಪುವ ಸ್ಮಾರಕವೆಂದರೆ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸಂಸ್ಕೃತದಲ್ಲಿ ಉತ್ತಮರಾದವರಿಗೆ ನೀಡಲು ಏರ್ಪಟ್ಟ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರಾದ ಚಿಂತಾಮಣ ದೇಶಮುಖರು 1912ರಲ್ಲಿ ಅದನ್ನು ಪಡೆದಿದ್ದರು.

ರೈಲುಮಾರ್ಗ ಮತ್ತು ದೇಶಭಾಷೆ ಮೇಲುನೋಟಕ್ಕೆ ಸಂಬಂಧವಿಲ್ಲದ ವಿಷಯಗಳು. ಜಗನ್ನಾಥರ ಜೀವನದಲ್ಲಿ ಇವೆರಡರ ಹಿಂದೆ ಇದ್ದದ್ದು ಒಂದೇ ವಿಚಾರ. ಕೆಲವರಿಗೆ ಮಾತ್ರ ಎಟುಕುವ ಸೌಕರ್ಯ ಎಷ್ಟೇ ಶ್ರೇಷ್ಠವಾಗಿದ್ದರೂ ನಾಡನ್ನು ಮುಂದೊಯ್ಯಲಾರದು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ವಿದ್ಯಾರ್ಥಿ ಆ ಹಳಿಯ ಮೇಲೆ ಪ್ರಯಾಣ ಮಾಡಿ ಬಂದು ತನ್ನ ನುಡಿಯಲ್ಲಿ ಪಾಠ ಕೇಳುವಾಗ, ಅವರು ದುಡಿದ ಎರಡು ಕಾರ್ಯಗಳ ಫಲವೂ ಅವನ ಪಾಲಿಗೆ ಬಂದಿರುತ್ತದೆ.