ವಲಸಿಗರ ಪಾಲಕಿ ಸಂತ ಮಾತೆ ಕ್ಯಾಬ್ರಿನಿ: ನ್ಯೂಯಾರ್ಕಿನಲ್ಲಿ ನೆಲೆ ನಿಂತ ಬಗೆ

1889ರ ಮಾರ್ಚ್ 31, ಭಾನುವಾರ. ಫ್ರಾನ್ಸಿನ ಲೆ ಹಾವ್ರ್ ಬಂದರಿನಿಂದ ಎಂಟು ದಿನಗಳ ಹಿಂದೆ ಹೊರಟಿದ್ದ ಹಡಗೊಂದು ನ್ಯೂಯಾರ್ಕ್ ತಲುಪಿತು. ಅದರ ಕೆಳಗಿನ ಅಂತಸ್ತಿನಲ್ಲಿ ನೂರಾರು ಮಂದಿ ಬಡ ಇಟಾಲಿಯನ್ ವಲಸಿಗರಿದ್ದರು. ಅದೇ ಹಡಗಿನಿಂದ ಏಳು ಮಂದಿ ಇಟಾಲಿಯನ್ ಧರ್ಮಭಗಿನಿಯರೂ ಇಳಿದರು. ಅವರ ಮುಖ್ಯಸ್ಥೆ ಮಾತೆ ಫ್ರಾನ್ಸಿಸ್ ಕ್ಸೇವಿಯರ್ ಕ್ಯಾಬ್ರಿನಿಯವರಿಗೆ ಆಗ 38 ವರ್ಷ. ಸಣ್ಣ ಶರೀರ, ಬಾಲ್ಯದಿಂದಲೂ ದುರ್ಬಲ ಆರೋಗ್ಯ. ಆ ಊರಿನ ಭಾಷೆ ಅವರಲ್ಲಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಧೈರ್ಯವಿತ್ತು, ಏಕೆಂದರೆ ತಮಗಾಗಿ ಒಂದು ಮನೆ, ಒಂದು ಅನಾಥಾಲಯ, ಒಂದು ಶಾಲೆ ಸಿದ್ಧವಾಗಿದೆ ಎಂದು ಅವರು ನಂಬಿದ್ದರು.

ಬಂದು ನೋಡಿದರೆ ಮನೆಯೇ ಇಲ್ಲ. ಇಟಾಲಿಯನ್ ವಲಸಿಗರ ನಡುವೆ ಸೇವೆ ಮಾಡುತ್ತಿದ್ದ ಧರ್ಮಗುರುಗಳು ಅವರನ್ನು ಬರಮಾಡಿಕೊಂಡು ಊಟ ಕೊಟ್ಟರು. ರಾತ್ರಿ ಮಲಗುವುದಕ್ಕೆ ಸಿಕ್ಕಿದ್ದು ಬಡವರ ಕೇರಿಯ ಒಂದು ಅಗ್ಗದ ವಸತಿಗೃಹದ ಕೋಣೆ. ಹಾಸಿಗೆ ಮುಟ್ಟುವಂತಿರಲಿಲ್ಲ, ತಿಗಣೆ ಮತ್ತು ಇಲಿಗಳ ಕಾಟ ಬೇರೆ. ಏಳೂ ಜನ ಕುಳಿತೇ ಪ್ರಾರ್ಥನೆಯಲ್ಲಿ ಆ ರಾತ್ರಿ ಕಳೆದರು. ಮುಂದೆ ವಲಸಿಗರ ಪಾಲಕಿ ಎಂದು ಧರ್ಮಸಭೆ ಘೋಷಿಸಿದ ಸಂತರ ನಗರವಾಸ ಆರಂಭವಾದದ್ದು ಹೀಗೆ.

ಮರುದಿನ ಬೆಳಿಗ್ಗೆ ಅವರು ಮಹಾಧರ್ಮಾಧ್ಯಕ್ಷ ಮೈಕೆಲ್ ಕೊರಿಗನ್ ಅವರನ್ನು ಕಾಣಲು ಹೋದರು. ಅಲ್ಲಿ ಕೇಳಿದ್ದು ಇನ್ನೂ ಕಷ್ಟದ ಮಾತು. ಅನಾಥಾಲಯದ ಯೋಜನೆ ನಿಂತುಹೋಗಿದೆ, ಬಂದ ಹಡಗಿನಲ್ಲೇ ಇಟಲಿಗೆ ಹಿಂದಿರುಗುವುದು ಒಳ್ಳೆಯದು ಎಂಬುದು ಮಹಾಧರ್ಮಾಧ್ಯಕ್ಷರ ಸಲಹೆ. ಅವರನ್ನು ಕೆಟ್ಟವರೆಂದು ತಿಳಿಯಬೇಕಾಗಿಲ್ಲ. ಸದ್ಯಕ್ಕೆ ಬರಬೇಡಿ ಎಂದು ಅವರು ಪತ್ರ ಬರೆದಿದ್ದರು, ಆದರೆ ಅದು ತಲುಪುವ ಮುನ್ನವೇ ಭಗಿನಿಯರು ಹೊರಟಿದ್ದರು. ಅನಾಥಾಲಯಕ್ಕೆ ಹಣ ಕೂಡಿಸಿದ್ದವರು ಮೇರಿ ಡಿ ಚೆಸ್ನೋಲ ಎಂಬ ಶ್ರೀಮಂತ ಮಹಿಳೆ. ಅವರ ಪತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ನಿರ್ದೇಶಕರಾಗಿದ್ದರು. ಆಕೆ ಮನೆ ಹಿಡಿದದ್ದು 59ನೇ ರಸ್ತೆಯಲ್ಲಿ, ಅಂದರೆ ಅನುಕೂಲಸ್ಥರ ಬಡಾವಣೆಯಲ್ಲಿ. ಬಡ ಇಟಾಲಿಯನ್ ಮಕ್ಕಳನ್ನು ಅಂಥ ಕಡೆ ತಂದಿಡುವುದು ಮಹಾಧರ್ಮಾಧ್ಯಕ್ಷರಿಗೆ ಸರಿ ಕಾಣಲಿಲ್ಲ. ಅವರಿಬ್ಬರ ಭಿನ್ನಾಭಿಪ್ರಾಯದ ನಡುವೆ ಹೊಸದಾಗಿ ಬಂದವರು ಸಿಕ್ಕಿಬಿದ್ದರು.

ಮಾತೆ ಕ್ಯಾಬ್ರಿನಿಯವರು ವಾದ ಮಾಡಲಿಲ್ಲ. ತಾವು ಪೋಪರ ಆಜ್ಞೆಯ ಮೇರೆಗೆ ಬಂದವರು, ಆದ್ದರಿಂದ ಇಲ್ಲಿಯೇ ಇರುತ್ತೇವೆ ಎಂದು ವಿನಯದಿಂದಲೇ ತಿಳಿಸಿ ರೋಮಿನಿಂದ ತಂದಿದ್ದ ಪತ್ರಗಳನ್ನು ಮುಂದಿಟ್ಟರು. ಮಹಾಧರ್ಮಾಧ್ಯಕ್ಷರು ಒಪ್ಪಲೇಬೇಕಾಯಿತು. ಚಾರಿಟಿ ಭಗಿನಿಯರ ಮನೆಯಲ್ಲಿ ಅವರಿಗೆ ತಾತ್ಕಾಲಿಕ ವಸತಿ ಏರ್ಪಾಡಾಯಿತು.

ಪೋಪರ ಆಜ್ಞೆಯ ಹಿಂದೆ ಒಂದು ಕಥೆಯಿದೆ. 1850ರ ಜುಲೈ 15ರಂದು ಉತ್ತರ ಇಟಲಿಯ ಸಾಂತಾಂಜೆಲೊ ಲೊದಿಜಾನೊ ಎಂಬಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ಈ ಹೆಣ್ಣುಮಗು ಎರಡು ತಿಂಗಳು ಮುಂಚಿತವಾಗಿ ಜನಿಸಿತ್ತು. ಗುರುಗಳಾಗಿದ್ದ ಸೋದರಮಾವನ ಮನೆಗೆ ಹೋದಾಗಲೆಲ್ಲ ಹತ್ತಿರದ ಕಾಲುವೆಯಲ್ಲಿ ಕಾಗದದ ದೋಣಿಗಳನ್ನು ತೇಲಿಬಿಡುತ್ತಿದ್ದಳು. ದೋಣಿಯೊಳಗೆ ನೇರಳೆ ಬಣ್ಣದ ವಯೊಲೆಟ್ ಹೂಗಳು. ಆ ಹೂಗಳೇ ಚೀನಾ ದೇಶಕ್ಕೆ ಹೊರಟ ಪ್ರೇಷಿತರು! ಹೀಗೆ ಆಡುತ್ತಿರುವಾಗ ಒಮ್ಮೆ ನೀರಿಗೆ ಬಿದ್ದು ಬದುಕಿದವಳಿಗೆ ನೀರಿನ ಭಯ ಜೀವಮಾನವಿಡೀ ಉಳಿಯಿತು. ಅಂಥವರು ಮುಂದೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಸಾಗರ ದಾಟಿದರು.

ಯೌವನದಲ್ಲಿ ಶಿಕ್ಷಕಿಯ ತರಬೇತಿ ಪಡೆದು, ಕಾನ್ವೆಂಟ್ ಸೇರಲು ಹೋದಾಗ ಆರೋಗ್ಯ ಸಾಲದೆಂದು ನಿರಾಕರಿಸಲ್ಪಟ್ಟರು. ಕೊದೊಂಞೊ ಪಟ್ಟಣದ ಅನಾಥಾಲಯವೊಂದರಲ್ಲಿ ಕೆಲವು ವರ್ಷ ದುಡಿದ ಮೇಲೆ ಅದನ್ನು ಮುಚ್ಚಿದ ಧರ್ಮಾಧ್ಯಕ್ಷರೇ, ನೀವೇ ಒಂದು ಪ್ರೇಷಿತ ಸಭೆ ಕಟ್ಟಿ ಎಂದು ಸೂಚಿಸಿದರು. 1880ರ ನವೆಂಬರ್ 14ರಂದು ಯೇಸುವಿನ ಪವಿತ್ರ ಹೃದಯದ ಪ್ರೇಷಿತ ಭಗಿನಿಯರ ಸಭೆ ಹುಟ್ಟಿತು. ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನು ಅವರು ತಮ್ಮ ಹೆಸರಿಗೆ ಸೇರಿಸಿಕೊಂಡರು. ಪೂರ್ವ ದೇಶಗಳಿಗೆ ಬಂದು, ಚೀನಾದ ಬಾಗಿಲಲ್ಲೇ ಪ್ರಾಣ ಬಿಟ್ಟು, ಗೋವೆಯಲ್ಲಿ ವಿಶ್ರಮಿಸುತ್ತಿರುವ ಈ ಸಂತರು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಹೊಸಬರಲ್ಲ. ಚೀನಾವನ್ನು ಮುಟ್ಟುವ ಅವರ ಅಪೂರ್ಣ ಆಸೆಯನ್ನು ತಾನು ಪೂರೈಸಬೇಕೆಂಬುದು ಮಾತೆಯವರ ಹಂಬಲ.

ಆದರೆ ಪಿಯಾಚೆಂಜದ ಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಸ್ಕಲಬ್ರೀನಿಯವರು (2022ರಲ್ಲಿ ಇವರನ್ನೂ ಸಂತರೆಂದು ಘೋಷಿಸಲಾಯಿತು) ಅಮೆರಿಕಕ್ಕೆ ಹೋದ ಇಟಾಲಿಯನ್ನರ ದುಃಸ್ಥಿತಿಯನ್ನು ಅವರ ಮುಂದೆ ಬಿಚ್ಚಿಟ್ಟರು. ಕೊನೆಗೆ ಮಾತೆಯವರು ಪೋಪ್ 13ನೇ ಲಿಯೋ ಅವರನ್ನೇ ಕೇಳಿದರು. ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗಬೇಕು ಎಂದು ಪೋಪ್ ತೀರ್ಮಾನಿಸಿದರು. ಹೀಗೆ ಅವರು ತಾವು ಬಯಸಿ ಆರಿಸಿಕೊಳ್ಳದ ನಗರಕ್ಕೆ ಬಂದವರು. ಹೊಟ್ಟೆಪಾಡಿಗಾಗಿ ಊರು ಬಿಡುವ ಹೆಚ್ಚಿನವರ ಕಥೆಯೂ ಅದೇ ಅಲ್ಲವೇ? ಮುಂಬಯಿಗೋ ಗಲ್ಫಿಗೋ ಯಾರನ್ನೂ ಕಳುಹಿಸದ ಮನೆ ನಮ್ಮ ಧರ್ಮಕೇಂದ್ರಗಳಲ್ಲಿ ಹುಡುಕಿದರೂ ಕಷ್ಟ.

1880ರಿಂದ 1920ರವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಭೂಮಿಯಿಲ್ಲದ ರೈತರು. ನ್ಯೂಯಾರ್ಕಿನ ಮಲ್ಬೆರಿ ಬೀದಿಯ ಸುತ್ತಮುತ್ತ, ಗಾಳಿ ಬೆಳಕಿಲ್ಲದ ಬಾಡಿಗೆ ಕಟ್ಟಡಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಕೆಲವೊಮ್ಮೆ ಎರಡು. ಕೆಲಸ ಕೊಡಿಸುವ ಮೇಸ್ತ್ರಿಗಳು ಅವರದೇ ಊರಿನವರು. ಭಾಷೆ ಬಾರದವರ ಕೂಲಿಯಲ್ಲಿ ಪಾಲು ತಿನ್ನುತ್ತಿದ್ದವರೂ ಅವರೇ.

ಹೆಚ್ಚು ನೋಯಿಸುವ ಸಂಗತಿ ಬೇರೊಂದಿದೆ. ಈ ಜನ ಕಥೋಲಿಕರು. ನ್ಯೂಯಾರ್ಕಿನಲ್ಲಿ ಕಥೋಲಿಕ ಇಗರ್ಜಿಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅಲ್ಲಿನ ಗುರುಗಳು, ಭಕ್ತರು ಬಹುಪಾಲು ಐರಿಷ್ ಮೂಲದವರು, ಅಂದರೆ ಒಂದೆರಡು ತಲೆಮಾರಿನ ಹಿಂದೆ ತಾವೇ ಹಸಿದು ಹಡಗು ಹತ್ತಿ ಬಂದವರು. ಹಲವು ಕಡೆ ಇಟಾಲಿಯನ್ನರಿಗೆ ಪೂಜೆ ನಡೆಯುತ್ತಿದ್ದುದು ಇಗರ್ಜಿಯ ನೆಲಮಾಳಿಗೆಯಲ್ಲಿ. ಮಾಟ್ ಬೀದಿಯ ರೂಪಾಂತರದ ಇಗರ್ಜಿಯಲ್ಲಿ ಹಾಗೆಯೇ ಇತ್ತು. 115ನೇ ರಸ್ತೆಯ ಕಾರ್ಮೆಲ್ ಮಾತೆಯ ಇಗರ್ಜಿಯಲ್ಲೂ ಹಾಗೆಯೇ. ಅವರು ಕಾಣಿಕೆ ಹಾಕುವುದಿಲ್ಲ, ಧರ್ಮೋಪದೇಶ ಗೊತ್ತಿಲ್ಲ, ಬರೀ ಹಬ್ಬ ಮೆರವಣಿಗೆ ಬೇಕು ಎಂಬ ದೂರುಗಳಿದ್ದವು. ಪ್ರತಿ ಭಾನುವಾರ ಕಾಣಿಕೆ ಹಾಕಿ ಇಗರ್ಜಿ ನಡೆಸುವ ಕ್ರಮ ಅವರ ಊರಿನಲ್ಲಿ ಇರಲಿಲ್ಲ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಸ್ವಂತ ಧರ್ಮಸಭೆಯಲ್ಲೇ ಕೆಳಗಿನ ಬಾಗಿಲಿನಿಂದ ಒಳಬರಬೇಕಾದವನಿಗೆ ಆ ನಗರ ತನ್ನದು ಎನಿಸುವುದು ಹೇಗೆ?

ಭಗಿನಿಯರು ಕೆಲಸ ಆರಂಭಿಸಿದ್ದು ಈ ಜನರ ನಡುವೆಯೇ. ಸಂತ ಜೋಕಿಮರ ಇಗರ್ಜಿಯಲ್ಲಿ ಮಕ್ಕಳಿಗೆ ಪಾಠ ಶುರುವಾಯಿತು. ಶಾಲೆಯ ಕಟ್ಟಡವಿಲ್ಲದ್ದರಿಂದ ಇಗರ್ಜಿಯೇ ಶಾಲೆ. ಮನೆಮನೆಗೆ, ಕತ್ತಲೆಯ ಮೆಟ್ಟಿಲು ಹತ್ತಿ ಹೋಗಿ ಅವರದೇ ಭಾಷೆಯಲ್ಲಿ ಮಾತನಾಡಿಸಿದರು. ಅಷ್ಟರಲ್ಲಿ ಮಹಾಧರ್ಮಾಧ್ಯಕ್ಷರಿಗೂ ಶ್ರೀಮತಿ ಚೆಸ್ನೋಲ ಅವರಿಗೂ ರಾಜಿಯಾಗಿ, ಅದೇ ವಸಂತದಲ್ಲಿ 59ನೇ ರಸ್ತೆಯ ಮನೆಯಲ್ಲಿ ಅನಾಥಾಲಯ ತೆರೆಯಿತು. ಕೂಡಿಸಿದ್ದ ಹಣ ಬಹಳ ದಿನ ಬರುವಂತಿರಲಿಲ್ಲ. ಭಗಿನಿಯರು ಇಬ್ಬಿಬ್ಬರಾಗಿ ಬುಟ್ಟಿ ಹಿಡಿದು ಇಟಾಲಿಯನ್ ಬೀದಿಗಳಲ್ಲಿ ಬೇಡಲು ಹೊರಟರು. ಬ್ರೆಡ್, ತರಕಾರಿ, ಚಿಲ್ಲರೆ ಕಾಸು, ಕೊಟ್ಟದ್ದನ್ನು ತಂದರು. ತಮಗೇ ಸಾಲದ ಅಂಗಡಿಯವರು, ಕೂಲಿಯವರು ಕೊಟ್ಟರು. ಕಾಣಿಕೆ ಹಾಕುವುದಿಲ್ಲವೆಂದು ಹೆಸರಾದ ಅದೇ ಜನ!

ಮುಂದಿನ ವರ್ಷ ಅನಾಥಾಲಯಕ್ಕೆ ವಿಶಾಲವಾದ ಜಾಗ ಸಿಕ್ಕಿತು. ಹಡ್ಸನ್ ನದಿಯ ದಡದಲ್ಲಿ ವೆಸ್ಟ್ ಪಾರ್ಕ್ ಎಂಬಲ್ಲಿ ಯೇಸುಸಭೆಯವರು ತಮ್ಮ ಆಸ್ತಿಯನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಕಾರಣ, ಅಲ್ಲಿ ಕುಡಿಯುವ ನೀರಿನ ತೊಂದರೆ. ಮಾತೆಯವರು ಧೈರ್ಯ ಮಾಡಿ ಕೊಂಡರು, ಜಾಗ ತೋರಿಸಿ ಬಾವಿ ತೋಡಿಸಿದರು, ನೀರು ಬಂತು. ಇದನ್ನು ಪವಾಡವೆಂದು ಹೇಳುವವರಿದ್ದಾರೆ. ರೈತನ ಮಗಳಿಗೆ ನೆಲ ಓದಲು ಬರುತ್ತಿತ್ತು ಎಂದರೂ ಅವರ ಗೌರವವೇನೂ ಕಡಿಮೆಯಾಗದು.

ಆಸ್ಪತ್ರೆಯ ಕೆಲಸಕ್ಕೆ ಮಾತ್ರ ಮಾತೆಯವರಿಗೆ ಮೊದಲು ಮನಸ್ಸಿರಲಿಲ್ಲ. ತಮ್ಮ ಭಗಿನಿಯರು ಶಿಕ್ಷಕಿಯರು, ದಾದಿಯರಲ್ಲ ಎಂಬುದು ಅವರ ಹಿಂಜರಿಕೆ. ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ನಗರದ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ನೋಡಲು ಹೋದ ಭಗಿನಿಯರಿಗೆ ಇಟಾಲಿಯನ್ ಯುವಕನೊಬ್ಬ ಊರಿನಿಂದ ಬಂದ ಪತ್ರವನ್ನು ಕೊಟ್ಟನಂತೆ. ಅವನಿಗೆ ಓದು ಬಾರದು. ಸುತ್ತಲಿದ್ದವರಿಗೆ ಆ ಭಾಷೆ ಬಾರದು. ತಿಂಗಳುಗಟ್ಟಲೆ ದಿಂಬಿನ ಬಳಿ ಇಟ್ಟುಕೊಂಡಿದ್ದ ಆ ಪತ್ರದಲ್ಲಿ ಇದ್ದದ್ದು ಅವನ ತಾಯಿಯ ಮರಣದ ಸುದ್ದಿ. ದೊಡ್ಡ ನಗರದಲ್ಲಿ ಒಂಟಿತನ ಎಂದರೇನೆಂದು ಬೇರೆ ವಿವರಣೆ ಬೇಕಿಲ್ಲ. ಆಮೇಲೆ ಮಾತೆಯವರಿಗೆ ಕನಸಿನಲ್ಲಿ ಮರಿಯಮ್ಮನವರು ತೋಳು ಮಡಚಿಕೊಂಡು ರೋಗಿಗಳ ಆರೈಕೆ ಮಾಡುವುದು ಕಂಡಿತೆಂದೂ, ನೀನು ಒಲ್ಲೆನೆಂದ ಕೆಲಸವನ್ನು ನಾನು ಮಾಡುತ್ತಿದ್ದೇನೆ ಎಂದು ಅವರು ಹೇಳಿದರೆಂದೂ ನಂಬಿಕೆಯಿದೆ.

ಇಟಾಲಿಯನ್ನರಿಗಾಗಿ ಆಗಲೇ ಇದ್ದ ಒಂದು ಸಣ್ಣ ಆಸ್ಪತ್ರೆ ಸಾಲದಲ್ಲಿ ಮುಳುಗಿತ್ತು. ಅದರ ರೋಗಿಗಳನ್ನು ಕರೆತಂದು 1892ರಲ್ಲಿ 12ನೇ ರಸ್ತೆಯ ಬಾಡಿಗೆ ಮನೆಗಳಲ್ಲಿ ಮಾತೆಯವರು ಹೊಸ ಆಸ್ಪತ್ರೆ ಆರಂಭಿಸಿದಾಗ ಕೈಯಲ್ಲಿ ಇದ್ದದ್ದು 250 ಡಾಲರ್. ಹತ್ತು ಹಾಸಿಗೆಗಳು ರೋಗಿಗಳಿಗೆ. ಭಗಿನಿಯರು ನೆಲದ ಮೇಲೆ ಮಲಗಿದರು. ಹೆಸರು ಕೊಲಂಬಸ್ ಆಸ್ಪತ್ರೆ. ಆ ವರ್ಷ ಕೊಲಂಬಸ್ ಅಮೆರಿಕ ತಲುಪಿದ 400ನೇ ವರ್ಷದ ಸಂಭ್ರಮ ನಡೆಯುತ್ತಿತ್ತು. ಇಟಾಲಿಯನ್ನರಿಗೆ ಅಭಿಮಾನದ ಹೆಸರು, ಅಮೆರಿಕನ್ನರೂ ಬೇಡವೆನ್ನಲಾರದ ಹೆಸರು. ಹೊಸ ಊರಿನಲ್ಲಿ ಬಾಳುವ ಜಾಣತನ ಇದಕ್ಕಿಂತ ಹೆಚ್ಚೇನು ಬೇಕು!

ನ್ಯೂಯಾರ್ಕಿನಲ್ಲಿ ಕಲಿತದ್ದು ಬೇರೆ ನಗರಗಳಲ್ಲಿ ಉಪಯೋಗಕ್ಕೆ ಬಂತು. 1891ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಜನರ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತ್ತು. ಮರುವರ್ಷವೇ ಮಾತೆಯವರು ತಮ್ಮ ಭಗಿನಿಯರನ್ನು ಅಲ್ಲಿ ನೆಲೆಗೊಳಿಸಿದರು. 1902ರಲ್ಲಿ ಡೆನ್ವರ್, ಮರುವರ್ಷ ಸಿಯಾಟಲ್. ಕೊಲರಾಡೊದ ಗಣಿಗಳೊಳಗೆ ಇಳಿದು ಕಾರ್ಮಿಕರನ್ನು ಮಾತನಾಡಿಸಿದರು. 1895ರಲ್ಲಿ ಆಂಡೀಸ್ ಪರ್ವತವನ್ನು ಹೇಸರಗತ್ತೆಯ ಮೇಲೆ ದಾಟಿ ಅರ್ಜೆಂಟೀನ ತಲುಪಿದ್ದರು. ಶಿಕಾಗೊದಲ್ಲಿ ಆಸ್ಪತ್ರೆಗಾಗಿ ದೊಡ್ಡ ಹೋಟೆಲೊಂದನ್ನು ಕೊಳ್ಳುವಾಗ ಮಾರುವವರ ಲೆಕ್ಕದ ಮೇಲೆ ಅವರಿಗೆ ಸಂಶಯ ಬಂತು. ನಸುಕಿನಲ್ಲೇ ಇಬ್ಬರು ಭಗಿನಿಯರು ಹಗ್ಗದ ತುಂಡುಗಳನ್ನು ಗಂಟುಹಾಕಿ ಜಾಗ ಅಳೆದರು. ಒಂದು ಪಟ್ಟಿ ನೆಲವನ್ನು ಬಿಟ್ಟು ಬರೆಯುವ ಹುನ್ನಾರ ಬಯಲಾಯಿತು. ಏಳು ಮಂದಿ ರಾತ್ರಿಯಿಡೀ ಕುಳಿತು ಕಳೆದ ಆ ಕೋಣೆಯಿಂದ ಇಲ್ಲಿಗೆ ಹಲವು ವರ್ಷಗಳ ದೂರ.

1909ರಲ್ಲಿ ಸಿಯಾಟಲ್ ನಗರದಲ್ಲಿ ಪ್ರತಿಜ್ಞೆ ಸ್ವೀಕರಿಸಿ ಅವರು ಅಮೆರಿಕದ ಪ್ರಜೆಯಾದರು. 1917ರ ಡಿಸೆಂಬರಿನಲ್ಲಿ ಶಿಕಾಗೊದ ಆಸ್ಪತ್ರೆಯಲ್ಲಿ, ಕ್ರಿಸ್ಮಸ್ಸಿಗೆಂದು ಮಕ್ಕಳಿಗೆ ಮಿಠಾಯಿ ಪೊಟ್ಟಣ ಕಟ್ಟುವ ಕೆಲಸದಲ್ಲಿ ಕೈಜೋಡಿಸಿದ್ದರು. ಮರುದಿನ, 22ರಂದು, ತಮ್ಮ ಕೋಣೆಯ ಕುರ್ಚಿಯಲ್ಲಿ ಕುಳಿತಲ್ಲೇ ಪ್ರಾಣ ಹೋಯಿತು. ಅಷ್ಟರಲ್ಲಿ ಅವರು ಕಟ್ಟಿದ ಸಂಸ್ಥೆಗಳು 67. 1946ರ ಜುಲೈ 7ರಂದು ಪೋಪ್ 12ನೇ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು. ಅಮೆರಿಕದ ಪ್ರಜೆಗಳಲ್ಲಿ ಈ ಗೌರವ ಪಡೆದ ಮೊದಲಿಗರು ಅವರೇ. 1950ರಲ್ಲಿ ವಲಸಿಗರ ಪಾಲಕಿ ಎಂಬ ಬಿರುದು ಬಂತು.

ನ್ಯೂಯಾರ್ಕಿನ ಆಸ್ಪತ್ರೆ ನಂತರ ಅವರ ಹೆಸರನ್ನೇ ಹೊತ್ತು ಬೆಳೆದು 2008ರಲ್ಲಿ ಮುಚ್ಚಿತು. ದಶಕದ ಬಳಿಕ, ಯಾವ ಯಾವ ಮಹಿಳೆಯರ ಪ್ರತಿಮೆ ನಿಲ್ಲಿಸಬೇಕೆಂದು ನಗರಾಡಳಿತ ಜನರನ್ನು ಕೇಳಿದಾಗ ಅತಿ ಹೆಚ್ಚು ಮಂದಿ ಸೂಚಿಸಿದ್ದು ಮಾತೆ ಕ್ಯಾಬ್ರಿನಿಯವರ ಹೆಸರನ್ನು. ಆದರೂ ಆಯ್ಕೆಯ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ! ಗದ್ದಲವಾಯಿತು. ಕೊನೆಗೆ ರಾಜ್ಯ ಸರ್ಕಾರವೇ ಮುಂದೆ ಬಂದು 2020ರ ಅಕ್ಟೋಬರ್ 12ರಂದು ಬ್ಯಾಟರಿ ಪಾರ್ಕ್ ಸಿಟಿಯಲ್ಲಿ, ಹಡಗುಗಳು ಬಂದು ಹೋಗುವ ಬಂದರಿನ ದಡದಲ್ಲಿ, ಅವರ ಪ್ರತಿಮೆಯನ್ನು ಅನಾವರಣಗೊಳಿಸಿತು. ಶಿಲ್ಪದಲ್ಲಿ ಮಾತೆಯವರ ಜೊತೆ ಇಬ್ಬರು ಮಕ್ಕಳಿದ್ದಾರೆ. ಮೂವರೂ ಇರುವುದು ಒಂದು ಕಾಗದದ ದೋಣಿಯಲ್ಲಿ.